ಬೆಣ್ಣೆ, ಬಿಸಿಲು, ಬಳಪದ ಕಲ್ಲು

ಬೆಂಗಳೂರಿನಲ್ಲಿ ದಾವಣಗೆರೆ ಎಂಬ ಹೆಸರು ಕಣ್ಣಿಗೆ ಬೀಳುವಷ್ಟು ದಾವಣಗೆರೆಯಲ್ಲೇ ಬೀಳುವುದಿಲ್ಲ. ರಾಜಾಜಿನಗರ, ವಿಜಯನಗರ, ಬನಶಂಕರಿ, ಯಾವ ಕಡೆ ಹೊರಳಿದರೂ ಒಂದಲ್ಲ ಒಂದು ಬೋರ್ಡು: ದಾವಣಗೆರೆ ಬೆಣ್ಣೆ ದೋಸೆ. ಅದರ ಹಿಂದೆ ‘ಒರಿಜಿನಲ್’ ಎಂದೋ ‘ಅಸಲಿ’ ಎಂದೋ ಇನ್ನೊಂದು ಪದ. ಊರು ಬಿಟ್ಟು ಬಂದವನಿಗೆ ಇದರಲ್ಲಿ ಒಂದು ಸಣ್ಣ ಸುಖವಿದೆ. ಸಿಗ್ನಲಿನಲ್ಲಿ ಹೊಗೆ ಕುಡಿಯುತ್ತಾ ನಿಂತಾಗ ನಮ್ಮೂರಿನ ಹೆಸರು ಅಷ್ಟು ದಪ್ಪ ಅಕ್ಷರದಲ್ಲಿ ಎದುರಾದರೆ ಯಾರಿಗೆ ಬೇಡ? ಒಳಗೆ ಹೋಗಿ ಕೂತ ಮೇಲೆ ಬರುವುದು ಮಾತ್ರ ಬೇರೆ ತಿಂಡಿ. ತಟ್ಟೆಯಿಂದ ಆಚೆ ಚಾಚಿಕೊಂಡ ದೊಡ್ಡ ದೋಸೆ, ಒಳಗೆ ಅರಿಸಿನದ ಪಲ್ಯ, ಪಕ್ಕದಲ್ಲಿ ಒಂದು ಬಟ್ಟಲು ಸಾಂಬಾರು. ರುಚಿ ಇರುವುದಿಲ್ಲ ಎಂದಲ್ಲ. ಚೆನ್ನಾಗಿಯೇ ಇರುತ್ತದೆ. ಆದರೆ ಅದು ಬೆಂಗಳೂರಿನ ಮಸಾಲೆ ದೋಸೆ, ನಮ್ಮೂರಿನ ಹೆಸರಿಟ್ಟುಕೊಂಡು ವ್ಯಾಪಾರಕ್ಕೆ ಕೂತಿದೆ. ಈಗೀಗ ಮುಂಬೈನ ಬಾಂದ್ರಾದಲ್ಲೂ ಬೆಣ್ಣೆ ದೋಸೆಗೆ ಜನ ಸಾಲು ನಿಲ್ಲುತ್ತಾರೆ. ಅಲ್ಲಿ ಅದು ಬೆಂಗಳೂರಿನ ಪರಂಪರೆ ಎಂದು ಖ್ಯಾತಿ ಪಡೆದಿದೆ. ಮುಂಬೈ ಮುಟ್ಟುವಷ್ಟರಲ್ಲಿ ನಮ್ಮೂರಿನ ಹೆಸರೇ ಉದುರಿಹೋಯಿತು.

ಹಾಗಾಗಿ ಅಸಲು ಏನು ಎಂದು ಒಮ್ಮೆ ನಿಧಾನವಾಗಿ ಹೇಳಿಬಿಡುತ್ತೇನೆ.

ದಾವಣಗೆರೆಯ ಹಳೆಯ ದೋಸೆ ಹೋಟೆಲುಗಳಲ್ಲಿ ಕಾವಲಿಯ ಕೆಳಗೆ ಉರಿಯುವುದು ಸೌದೆ. ಅಗಲವಾದ ಕಪ್ಪು ಕಬ್ಬಿಣದ ಕಾವಲಿ, ಅದರ ಮೇಲೆ ಒಂದೇ ಸಲಕ್ಕೆ ಹತ್ತು ಹನ್ನೆರಡು ದೋಸೆ. ಭಟ್ಟರು ಮೊದಲು ನೀರು ಚಿಮುಕಿಸುತ್ತಾರೆ, ಅದು ಚುರ್ ಎಂದು ಹಾರಿಹೋದ ಮೇಲೆ ಪೊರಕೆಯಲ್ಲಿ ಒಮ್ಮೆ ಬಳಿದು ಹಿಟ್ಟು ಹೊಯ್ಯುತ್ತಾರೆ. ಹಿಟ್ಟಿಗೆ ಅಕ್ಕಿ, ಉದ್ದು, ಮೆಂತ್ಯದ ಜೊತೆ ಮಂಡಕ್ಕಿಯೂ ಬೀಳುತ್ತದೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ ಎಂಬ ಎರಡು ಗುಣ ಒಂದೇ ದೋಸೆಯಲ್ಲಿ ಸೇರುವುದಕ್ಕೆ ಈ ಮಂಡಕ್ಕಿಯೂ ಒಂದು ಕಾರಣ. ಗಾತ್ರ ಚಿಕ್ಕದು, ಕೈಯಗಲಕ್ಕಿಂತ ತುಸು ಹೆಚ್ಚು. ಮೇಲೆ ಬೆಣ್ಣೆ, ಅದೂ ಬಿಳಿಯ ಹಳ್ಳಿ ಬೆಣ್ಣೆ. ಪ್ಯಾಕೆಟ್ಟಿನ ಹಳದಿ ಉಪ್ಪು ಬೆಣ್ಣೆಗೆ ಇಲ್ಲಿ ಕೆಲಸವಿಲ್ಲ. ಬೆಣ್ಣೆ ಕರಗಿ ಅಂಚಿಗೆ ಹರಿದು, ಅಲ್ಲಿ ಹಿಟ್ಟಿನ ತೂತುಗಳಲ್ಲಿ ಕುದಿಯುವಾಗ ಬರುವ ಒಂದು ವಾಸನೆ ಇದೆ. ಸೌದೆಯ ಹೊಗೆ ಅದಕ್ಕೆ ಸೇರಿಕೊಂಡು ಬೀದಿಯ ತಿರುವಿನವರೆಗೂ ಬರುತ್ತದೆ. ದೋಸೆಯ ಮೇಲೆ ಒಂದು ಉಂಡೆ ಆಲೂಗಡ್ಡೆ ಪಲ್ಯ. ಅರಿಸಿನ ಇಲ್ಲದ, ಬೆಳ್ಳಗಿನ, ಬಹುತೇಕ ಸಪ್ಪೆ ಎನ್ನಬಹುದಾದ ಪಲ್ಯ. ಖಾರದ ಕೆಲಸ ಚಟ್ನಿಯದು. ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿಯ ತೆಳು ಚಟ್ನಿ, ನೋಡುವುದಕ್ಕೆ ಸಾಧು, ನಾಲಗೆಗೆ ಬಿದ್ದ ಮೇಲೆ ಗೊತ್ತಾಗುತ್ತದೆ. ಸಪ್ಪೆ ಪಲ್ಯ, ಖಾರದ ಚಟ್ನಿ, ಎರಡನ್ನೂ ಒಪ್ಪಿಸುವ ಬೆಣ್ಣೆ. ಈ ಮೂರರ ಲೆಕ್ಕ ತಪ್ಪಿದರೆ ದೋಸೆ ಉಳಿಯುತ್ತದೆ, ದಾವಣಗೆರೆ ಉಳಿಯುವುದಿಲ್ಲ.

ಪಲ್ಯ ಬೇಡದವರಿಗೆ ಖಾಲಿ ದೋಸೆ, ಚಟ್ನಿಪುಡಿ ಉದುರಿಸಿದ್ದು ಬೇಕಾದವರಿಗೆ ಓಪನ್ ದೋಸೆ. ಚಟ್ನಿ ಎಷ್ಟು ಸಲ ಕೇಳಿದರೂ ಮುಖ ಸಿಂಡರಿಸದೆ ಹಾಕಿ ಹೋಗುತ್ತಾರೆ. ಮಹಾನಗರದ ಹೋಟೆಲುಗಳಲ್ಲಿ ಎರಡನೇ ಸಲದ ಚಟ್ನಿಗೆ ಬಿಲ್ಲಿನಲ್ಲಿ ಒಂದು ಸಾಲು ಸೇರುವುದನ್ನು ನೋಡಿದ ದಿನ ನನಗೆ ಆ ನಗರದ ಬಗ್ಗೆ ತಿಳಿಯಬೇಕಾದದ್ದು ಬಹುಪಾಲು ತಿಳಿಯಿತು.

ಈ ದೋಸೆ ಹುಟ್ಟಿದ ಕತೆ ಊರಿನವರ ಬಾಯಲ್ಲಿದೆ. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ಹೆಣ್ಣುಮಗಳು ನಾಟಕದ ಥಿಯೇಟರಿನ ಹತ್ತಿರ ರಾಗಿ ದೋಸೆ ಹುಯ್ದು ಮಾರತೊಡಗಿದಳಂತೆ. ಮುಂದೆ ಮಕ್ಕಳ ಕೈಯಲ್ಲಿ ರಾಗಿ ಹೋಗಿ ಅಕ್ಕಿ ಬಂತು, ಅಕ್ಕಿಯ ಮೇಲೆ ಬೆಣ್ಣೆ ಬಂತು. ಕತೆಯ ವಿವರಗಳು ಹೇಳುವವರಿಂದ ಹೇಳುವವರಿಗೆ ಕೊಂಚ ಬದಲಾಗುತ್ತವೆ. ಆದರೆ ಅದರಲ್ಲಿ ನಾಟಕದ ಥಿಯೇಟರು ಇರುವುದು ನನಗೆ ಬಹಳ ಹಿಡಿಸುತ್ತದೆ. ದಾವಣಗೆರೆ ನಾಟಕ ಕಂಪನಿಗಳ ಊರು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಮನೆ ಇದು. ಅವರ ಮಗಳು ಚಿಂದೋಡಿ ಲೀಲಾ ರಂಗದ ಮೇಲೆ ಬಂದರೆ ಸುತ್ತಲಿನ ಹಳ್ಳಿಗಳು ಗಾಡಿ ಕಟ್ಟಿಕೊಂಡು ಬರುತ್ತಿದ್ದವು ಎಂದು ನಮ್ಮ ಹಿರಿಯರು ಇವತ್ತಿಗೂ ಹೇಳುತ್ತಾರೆ. ರಾತ್ರಿಯಿಡೀ ನಾಟಕ ನೋಡಿ ಹೊರಬಿದ್ದವರಿಗೆ ಹೊಟ್ಟೆ ಚುರುಗುಡುತ್ತದೆ, ಜೇಬಿನಲ್ಲಿ ಹೆಚ್ಚು ಇರುವುದಿಲ್ಲ. ಅಂಥವರಿಗೆಂದು ಹುಟ್ಟಿದ ತಿಂಡಿ ಇದು.

ನಾಟಕದವರ ಜೊತೆಗೆ ಮಿಲ್ಲಿನವರು. 1930ರ ದಶಕದಿಂದ ಒಂದಾದ ಮೇಲೊಂದು ಹತ್ತಿ ಗಿರಣಿಗಳು ಎದ್ದು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಬಂತು. ಮಿಲ್ಲಿನ ಸೈರನ್ನು ಕೂಗಿದರೆ ಊರಿಗೆ ಬೆಳಗಾಯಿತು ಎಂದು ಅರ್ಥ. ಪಾಳಿ ಮುಗಿಸಿ ಬಂದವರ ತಲೆಗೂದಲಲ್ಲಿ ಹತ್ತಿಯ ಎಳೆ, ಕೈಯಲ್ಲಿ ದೋಸೆಯ ಪೊಟ್ಟಣ. ಕಮ್ಯುನಿಸ್ಟ್ ಪಕ್ಷದ ಪಂಪಾಪತಿ ಇದೇ ಕಾರ್ಮಿಕರ ನಾಯಕರಾಗಿ ಇಲ್ಲಿಂದ ವಿಧಾನಸಭೆಗೆ ಗೆದ್ದು ಹೋದರು. ಕರ್ನಾಟಕದಲ್ಲಿ ಕೆಂಬಾವುಟ ಗೆದ್ದ ಊರುಗಳು ಹೆಚ್ಚಿಲ್ಲ. ಈಗ ಮಿಲ್ಲುಗಳು ಬಹುತೇಕ ಇಲ್ಲ. ಚಿಮಣಿ ಇದ್ದ ಕಡೆ ಸೈಟುಗಳಾಗಿವೆ. ಡಿಸಿಎಂ ಟೌನ್‌ಶಿಪ್ ಎಂದು ಆಟೋದವನಿಗೆ ಹೇಳುವ ಹುಡುಗರಿಗೆ ಆ ಮೂರು ಅಕ್ಷರ ದಾವಣಗೆರೆ ಕಾಟನ್ ಮಿಲ್ ಎಂಬುದು ಗೊತ್ತಿರಬೇಕೆಂದೇನೂ ಇಲ್ಲ. ಮಿಲ್ಲು ಹೋಯಿತು, ದೋಸೆ ನಿಂತಿತು. ದೋಸೆ ತಿನ್ನುವಾಗ ಇದು ನೆನಪಿರುವುದು ಒಳ್ಳೆಯದು: ನಮ್ಮೂರಿನ ಒಳ್ಳೆಯ ರುಚಿಗಳೆಲ್ಲ ದುಡಿದು ದಣಿದವರ ಹಸಿವಿಗೆ ತಯಾರಾದವು, ಪ್ರವಾಸಿಗಳಿಗೆ ತೋರಿಸುವುದಕ್ಕಲ್ಲ. ಅದಕ್ಕೇ ಅವುಗಳಲ್ಲಿ ಬಿಂಕವಿಲ್ಲ.

ಸಂಜೆಯ ರುಚಿ ಬೇರೆ. ಬಿಸಿಲು ಇಳಿಯುತ್ತಿದ್ದಂತೆ ಗಾಡಿಗಳ ಮುಂದೆ ಜನ. ಮಂಡಕ್ಕಿ ಮೆಣಸಿನಕಾಯಿ ಎಂದರೆ ನಮ್ಮಲ್ಲಿ ಬರೀ ತಿಂಡಿಯಲ್ಲ, ಸಂಜೆ ಎಂಬುದಕ್ಕೇ ಇನ್ನೊಂದು ಹೆಸರು. ಬೇರೆ ಕಡೆ ಮಿರ್ಚಿ ಬಜ್ಜಿ ಅನ್ನುವುದನ್ನು ನಾವು ಬರೀ ಮೆಣಸಿನಕಾಯಿ ಅನ್ನುತ್ತೇವೆ. ಕಡಲೆಹಿಟ್ಟಿನ ಅಂಗಿ ತೊಟ್ಟು ಎಣ್ಣೆಯಿಂದ ಎದ್ದ ಮೇಲೆ ಅದರ ಹೊಟ್ಟೆ ಸೀಳಿ ಈರುಳ್ಳಿ ತುಂಬಿ ಕೊಡುವವರುಂಟು. ಪಕ್ಕದಲ್ಲಿ ಒಗ್ಗರಣೆ ಮಂಡಕ್ಕಿ ಅಥವಾ ಖಾರ ಮಂಡಕ್ಕಿ. ಬಾಯಿ ಇನ್ನೂ ಬೇಡಿದರೆ ನರ್ಗಿಸ್ ಮಂಡಕ್ಕಿ. ಮಂಡಕ್ಕಿಯ ಒಗ್ಗರಣೆಗೆ ಈರುಳ್ಳಿ ಕೆಂಪಾಗಬಾರದು, ಹಸಿಯೂ ಉಳಿಯಬಾರದು. ಮಂಡಕ್ಕಿ ಮೆತ್ತಗಾಗಬೇಕು, ಮುದ್ದೆಯಾಗಬಾರದು. ಈ ಹದದಲ್ಲಿ ಅದು ಇರುವುದು ಕೆಲವೇ ನಿಮಿಷ. ಅದಕ್ಕೇ ನಿಂತುಕೊಂಡೇ ತಿನ್ನಬೇಕು. ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಡಬ್ಬಿಯಲ್ಲಿ ಮನೆಗೆ ಬರುವ ಮಂಡಕ್ಕಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಂಡಕ್ಕಿಯ ಹಿಂದೆ ಒಂದು ದೊಡ್ಡ ಸಂಗತಿ ಇದೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ನೀರು ಕಾಲುವೆಯಲ್ಲಿ ಬಂದ ಮೇಲೆ ಈ ಒಣ ಸೀಮೆಯ ದೊಡ್ಡ ಭಾಗ ಭತ್ತದ ಗದ್ದೆಯಾಯಿತು. ಭತ್ತ ಬಂದಲ್ಲಿ ರೈಸ್ ಮಿಲ್ಲು, ಮಂಡಕ್ಕಿ ಭಟ್ಟಿ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಲೇಔಟ್ ಎಂದೇ ಒಂದು ಬಡಾವಣೆ ಇದೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು, ಉಪ್ಪು ನೀರು ಹಚ್ಚಿ ಕಾದ ಮರಳಿಗೆ ಎಸೆಯುತ್ತಾರೆ. ಎಸೆದ ಕ್ಷಣಕ್ಕೇ ಅಕ್ಕಿ ಅರಳಿ ಬಿಳಿಯಾಗಿ ಮೇಲೇಳುತ್ತದೆ. ಉರಿಯ ಮುಂದೆ ದಿನವಿಡೀ ನಿಲ್ಲುವವರ ಬೆವರು ಮತ್ತು ಕೆಮ್ಮು ಕಾಗದದ ಪೊಟ್ಟಣದಲ್ಲಿ ಕಾಣುವುದಿಲ್ಲ. ಮಂಡಕ್ಕಿ ತೂಕವಿಲ್ಲದ ಪದಾರ್ಥ, ಅದನ್ನು ಅರಳಿಸುವ ಕೆಲಸ ಮಾತ್ರ ಊರಿನಲ್ಲೇ ಭಾರವಾದ ಕೆಲಸಗಳಲ್ಲಿ ಒಂದು.

ತಿಂಡಿಯ ನಂತರ ಮಾತು. ನಮ್ಮೂರ ಮಾತು ಅತ್ತ ಧಾರವಾಡದ್ದೂ ಅಲ್ಲ, ಇತ್ತ ಮೈಸೂರಿನದೂ ಅಲ್ಲ. ‘ಐತಿ’ ಅನ್ನುವವನ ಪಕ್ಕದಲ್ಲೇ ‘ಇದೆ’ ಅನ್ನುವವನು ಕೂತಿರುತ್ತಾನೆ, ಒಂದೇ ಮನೆಯಲ್ಲಿ. ಕಿರಾಣಿ ಅಂಗಡಿಯಲ್ಲಿ ‘ಬರ್ರಿ ಯಜಮಾನ್ರೇ, ಕುಂದ್ರಿ’ ಎನ್ನುತ್ತಾರೆ. ಕೊಳ್ಳಲು ಬಂದವನು ಜೇಬಿನಲ್ಲಿ ಐವತ್ತು ರೂಪಾಯಿ ಇಟ್ಟುಕೊಂಡಿದ್ದರೂ ಯಜಮಾನನೇ. ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ಹೆಂಗಸರಿಗೆ ‘ಅಕ್ಕಾರೇ, ನೋಡೋಕೇನ್ ದುಡ್ಡು’ ಎಂದು ಇಡೀ ಕಪಾಟನ್ನು ಕೆಳಗಿಳಿಸುತ್ತಾರೆ. ಏನೂ ಕೊಳ್ಳದೆ ಎದ್ದು ಬಂದರೆ ‘ಆತು, ಹಬ್ಬಕ್ಕ ಬರ್ರಿ’. ಬೆಂಗಳೂರಿನಲ್ಲಿ ನನ್ನನ್ನು ಸರ್ ಅನ್ನುತ್ತಾರೆ, ಬಾಸ್ ಅನ್ನುತ್ತಾರೆ, ಕೆಲವೊಮ್ಮೆ ಓಟಿಪಿ ಹೇಳಿ ಅನ್ನುತ್ತಾರೆ. ಮರ್ಯಾದೆಗೆ ಕೊರತೆಯಿಲ್ಲ. ಯಾರ ಮಗ, ಯಾವ ಓಣಿ ಎಂದು ಮಾತ್ರ ಕೇಳುವುದಿಲ್ಲ. ಊರಿನಲ್ಲಿ ಈ ಪ್ರಶ್ನೆ ಕೆಲವು ಸಲ ಜಾತಿಯ ಬಾಗಿಲು ತಟ್ಟುವುದಕ್ಕೆ ಬರುತ್ತದೆ, ಅದೂ ನನಗೆ ಗೊತ್ತು. ಮಹಾನಗರದ ಹೆಸರಿಲ್ಲದ ಬದುಕು ಅನೇಕರಿಗೆ ಬಿಡುಗಡೆಯೇ. ಊರಿನ ಪ್ರೀತಿಯ ಬಗ್ಗೆ ಬರೆಯುವವರು ಇದನ್ನು ಮರೆಮಾಚಬಾರದು.

ಉಳಿದ ಕೊರತೆಗಳನ್ನೂ ಹೇಳಿಬಿಡೋಣ. ಏಪ್ರಿಲ್ ತಿಂಗಳ ಮಧ್ಯಾಹ್ನ ದಾವಣಗೆರೆಯಲ್ಲಿ ನಾಯಿಯೂ ನೆರಳು ಬಿಟ್ಟು ಬರುವುದಿಲ್ಲ. ಧೂಳು ಇದೆ. ಹಂದಿಗಳು ಪಾಲಿಕೆಯ ಸದಸ್ಯರಿಗಿಂತ ಹೆಚ್ಚು ಸಲ ವಾರ್ಡ್ ಸುತ್ತುತ್ತವೆ ಎಂಬುದು ಊರಿನ ಹಳೇ ಜೋಕು. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯ ಇಪ್ಪತ್ತು ನಗರಗಳಲ್ಲಿ ನಮ್ಮದೂ ಸೇರಿತು. ರಸ್ತೆ ಅಗೆದರು, ಹಾಕಿದರು, ಮತ್ತೆ ಅಗೆದರು. ಅಶೋಕ ರಸ್ತೆಯ ರೈಲ್ವೆ ಗೇಟು ಎಷ್ಟೋ ಕಾಲ ಊರಿನ ಒಂದೇ ದೊಡ್ಡ ಟ್ರಾಫಿಕ್ ಜಾಮ್ ಆಗಿತ್ತು. ಗೇಟು ಬಿದ್ದಾಗ ಸ್ಕೂಟರ್ ಆಫ್ ಮಾಡಿ, ಪಕ್ಕದವನ ಮಗಳ ಮದುವೆ ಎಲ್ಲಿಗೆ ಬಂತು ಎಂದು ವಿಚಾರಿಸಿ, ರೈಲು ಹೋದ ಮೇಲೆ ಹೊರಡುವುದು. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ಅಷ್ಟೇ ಹೊತ್ತು ನಿಲ್ಲುತ್ತೇನೆ, ಪಕ್ಕದ ಗಾಜಿನ ಹಿಂದೆ ಇರುವವರು ಯಾರೆಂದು ಗೊತ್ತಿರುವುದಿಲ್ಲ. ಕಾಯುವುದು ಎರಡೂ ಕಡೆ ಉಂಟು. ಒಂದು ಕಡೆ ಕಾಯುವಾಗ ಸುದ್ದಿ ಸಿಗುತ್ತದೆ.

ಹುಟ್ಟಿದವರಿಗಷ್ಟೇ ಈ ಊರು ಹಿಡಿಸುತ್ತದೆ ಎಂದು ನಾನು ಹೇಳುವುದಿಲ್ಲ. 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು, 1979ರಲ್ಲಿ ಬಿ.ಐ.ಇ.ಟಿ. ಎಂಜಿನಿಯರಿಂಗ್ ಕಾಲೇಜು ಶುರುವಾದ ಮೇಲೆ ದೇಶದ ಮೂಲೆಮೂಲೆಯ ಹುಡುಗರು ಇಲ್ಲಿ ಬಂದು ಇದ್ದು ಹೋದರು. ಕನ್ನಡದ ಗಂಧಗಾಳಿ ಇಲ್ಲದೆ ಬಂದು, ಹೋಗುವಾಗ ‘ಅಣ್ಣಾ, ಇನ್ನೊಂದ್ ಖಾಲಿ’ ಅನ್ನುವುದನ್ನು ಕಲಿತು ಹೋದ ಡಾಕ್ಟರುಗಳು ಈಗ ಎಲ್ಲೆಲ್ಲೋ ಇದ್ದಾರೆ. ಅವರ ಊರು ಬೇರೆ, ಬಾಯಿಗೆ ಹತ್ತಿದ್ದು ಈ ಊರು.

ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಹೋದವರೆಲ್ಲ ವಾಪಸ್ಸು ಬರುತ್ತಾರೆ. ದುರ್ಗಾಂಬಿಕಾ ದೇವಿ ಎಂದು ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಮನೆಯಲ್ಲಿ ದುಗ್ಗಮ್ಮ. ಮನೆಗೆ ಸುಣ್ಣಬಣ್ಣ, ಹೆಣ್ಣುಮಕ್ಕಳಿಗೆ ಕರೆ, ಅಳಿಯಂದಿರಿಗೆ ಬಟ್ಟೆ, ಬೀಗರಿಗೆ ಬಾಡೂಟ. ಸಿಹಿ ಊಟದ ಮನೆಯವರು ಹೋಳಿಗೆ ಮಾಡುತ್ತಾರೆ, ಅವರ ಮನೆಯಲ್ಲೂ ಅಷ್ಟೇ ಜನ. ಆ ವಾರ ಊರಿನಲ್ಲಿ ಹಸಿದು ಮಲಗುವುದು ಸುಲಭವಲ್ಲ. ಗುರುತಿಲ್ಲದ ಮನೆಯವರೂ ಕೈ ಹಿಡಿದು ಎಲೆ ಮುಂದೆ ಕೂರಿಸುತ್ತಾರೆ. ಸಾಲ ಮಾಡಿ ಜಾತ್ರೆ ಮಾಡುವುದರ ಬಗ್ಗೆ ಬೈಯುವ ಹಿರಿಯರೂ ಸಾಲ ಮಾಡಿಯೇ ಮಾಡುತ್ತಾರೆ.

ಇಷ್ಟೆಲ್ಲ ಹೇಳಿ ಹರಿಹರವನ್ನು ಬಿಟ್ಟರೆ ಮಾತು ಅರ್ಧ. ಹದಿನಾಲ್ಕು ಕಿಲೋಮೀಟರ್ ದೂರದ ಈ ಎರಡು ಊರುಗಳನ್ನು ಸರ್ಕಾರ ಒಂದೇ ನಗರಾಭಿವೃದ್ಧಿ ಪ್ರಾಧಿಕಾರದ ಕೆಳಗೆ ಕೂರಿಸಿದೆ. ಸ್ವಭಾವ ಮಾತ್ರ ಬೇರೆ ಬೇರೆ. ದಾವಣಗೆರೆಗೆ ಮಾರುಕಟ್ಟೆ ಇದೆ, ನದಿ ಇಲ್ಲ. ಹರಿಹರಕ್ಕೆ ತುಂಗಭದ್ರೆ ಇದೆ, ಜೊತೆಗೆ ಸೂಳೆಕೆರೆಯಿಂದ ಹರಿದು ಬಂದು ಕೂಡಿಕೊಳ್ಳುವ ಹರಿದ್ರಾ. ನಮ್ಮ ದಾವಣಗೆರೆಯವರು ತಂಪು ಬೇಕೆಂದಾಗ, ಅಸ್ಥಿ ಬಿಡಬೇಕೆಂದಾಗ, ಸಂಕ್ರಾಂತಿಯ ಬುತ್ತಿ ಬಿಚ್ಚಬೇಕೆಂದಾಗ ಹರಿಹರಕ್ಕೇ ಹೋಗುವುದು. 1868ರ ಹಳೇ ಕಲ್ಲುಸೇತುವೆಯ ಕಮಾನುಗಳು ಇಲ್ಲಿ ಹೊಳೆ ದಾಟುತ್ತವೆ. 1956ರ ಏಕೀಕರಣದವರೆಗೆ ಈಚೆ ದಡ ಮೈಸೂರು, ಆಚೆ ದಡ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಒಂದೇ ಹೊಳೆಯಲ್ಲಿ ಬಟ್ಟೆ ಒಗೆಯುವ ಅಕ್ಕತಂಗಿಯರು ಎರಡು ಸರ್ಕಾರದ ಪ್ರಜೆಗಳು. ನಮ್ಮ ಮಾತಿನಲ್ಲಿ ‘ಐತಿ’ ಮತ್ತು ‘ಇದೆ’ ಒಟ್ಟಿಗೆ ಇರುವುದರ ಗುಟ್ಟೂ ಈ ಗಡಿಯಲ್ಲೇ ಇರಬೇಕು.

ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳ ವೀರನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ. ಒಳಗೆ ನಿಂತಿರುವ ದೇವರು ಬಲಕ್ಕೆ ಶಿವ, ಎಡಕ್ಕೆ ವಿಷ್ಣು. ಅರ್ಧ ಜಟೆ, ಅರ್ಧ ಕಿರೀಟ. ಒಂದು ಕಡೆ ತ್ರಿಶೂಲ, ಇನ್ನೊಂದು ಕಡೆ ಚಕ್ರ. ಗುಹಾಸುರನೆಂಬ ರಾಕ್ಷಸ ಹರಿಯಿಂದಲೂ ಹರನಿಂದಲೂ ಸಾವು ಬರಬಾರದೆಂದು ವರ ಪಡೆದಿದ್ದರಿಂದ ಇಬ್ಬರೂ ಒಂದಾಗಿ ಬಂದರು ಎಂಬುದು ಸ್ಥಳಪುರಾಣ. ಬೇಲೂರು ಹಳೇಬೀಡು ನೋಡಿ ಬಂದವರಿಗೆ ಹೊರಗೋಡೆ ಸಪ್ಪೆ ಅನಿಸಬಹುದು. ಅವರು ಹೊರಗೆ ನಿಂತು ತೀರ್ಪು ಕೊಡಬಾರದು, ಮಂಟಪದೊಳಗೆ ಹೋಗಿ ಕಕ್ಷಾಸನದ ಮೇಲೆ ಕೂರಬೇಕು. ಕೂತಲ್ಲಿಂದ ಕಂಬಗಳನ್ನು ನೋಡಬೇಕು. ಬಳಪದ ಕಲ್ಲಿನ ಕಂಬಗಳು. ಕಲ್ಲನ್ನು ತಿರುಗಿಸುತ್ತಾ ಉಳಿ ಹಿಡಿದು ಕಡೆದದ್ದರಿಂದ ಬಳೆ ಬಳೆಯಾಗಿ ಉಂಗುರಗಳು, ಅದರ ಮೇಲೆ ಗಂಟೆಯಾಕಾರ, ಅದರ ಮೇಲೆ ಚಪ್ಪಟೆ ಚಕ್ರ. ಮಧ್ಯಾಹ್ನದ ಬಿಸಿಲು ಹೊರಗೆ ಕುದಿಯುವಾಗ ಇಲ್ಲಿ ಕಂಬದ ಮೈ ಮೇಲೆ ಬೆಳಕಿನ ಒಂದು ಗೆರೆ ನೆಟ್ಟಗೆ ನಿಲ್ಲುತ್ತದೆ, ಪ್ರತಿ ಉಂಗುರದಲ್ಲೂ ಒಮ್ಮೆ ಮುರಿದು ಮತ್ತೆ ಕೂಡುತ್ತದೆ. ಕೈ ಇಟ್ಟರೆ ತಣ್ಣಗಿರುತ್ತದೆ. ಎಂಟು ನೂರು ವರ್ಷದ ಕೈಗಳು ಸವರಿ ಸವರಿ ನುಣುಪಾದದ್ದು ಯಾವುದು, ಶಿಲ್ಪಿಯ ಕೈ ತಂದ ನುಣುಪು ಯಾವುದು ಎಂದು ಬೇರ್ಪಡಿಸುವುದು ಕಷ್ಟ.

ಈಗ ಇನ್ನೊಂದು ಸಂಗತಿ. ಕಲ್ಲನ್ನು ತಿರುಗಿಸಿ ಕಡೆದ ಇದೇ ಊರಿಗೆ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಬಂತು. ತಯಾರಿಸಿದ್ದು ಏನನ್ನು? ಲೇತ್ ಮಷೀನುಗಳನ್ನು. ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ. ಹೊಯ್ಸಳರ ಕುಶಲಕರ್ಮಿಗೂ ಕಿರ್ಲೋಸ್ಕರ್ ಫಿಟ್ಟರನಿಗೂ ನಡುವೆ ಏಳು ಶತಮಾನ, ಕೆಲಸ ಮಾತ್ರ ಒಂದೇ. ಹರಿಹರದ ಲೇತುಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಿಗೂ ಐಟಿಐಗಳಿಗೂ ಹೋದವು. ಕಾರ್ಖಾನೆಯ ಕಾಲೋನಿಗೆ ಯಂತ್ರಪುರ ಎಂದು ಹೆಸರಿಟ್ಟರು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿತು. ಯಾವುದೋ ಊರಿನ ಹಳೇ ಗ್ಯಾರೇಜಿನ ಮೂಲೆಯಲ್ಲಿ ಗ್ರೀಸು ಮೆತ್ತಿದ ಕಿರ್ಲೋಸ್ಕರ್ ಲೇತ್ ಕಂಡರೆ ನನಗೆ ಊರಿನವರು ಸಿಕ್ಕಷ್ಟೇ ಖುಷಿ. ಅದನ್ನು ನಡೆಸುವವನಿಗೆ ಹರಿಹರ ಎಲ್ಲಿದೆ ಎಂದು ಗೊತ್ತಿರಬೇಕಾಗಿಲ್ಲ. ಅವನ ಅಳತೆ ತಪ್ಪುವುದಿಲ್ಲ, ಅಷ್ಟು ಸಾಕು.

ಹರಿಹರದ ಗಾಳಿಯ ಬಗ್ಗೆಯೂ ಒಂದು ಮಾತು. ರೈಲಿನಲ್ಲಿ ಬರುವವರಿಗೆ ಹೊಳೆ ಹತ್ತಿರವಾಯಿತೆಂದು ಕಣ್ಣಿಗಿಂತ ಮೊದಲು ಮೂಗು ಹೇಳುತ್ತಿದ್ದ ಕಾಲವಿತ್ತು. 1980ರ ದಶಕದಲ್ಲಿ ಕಾರ್ಖಾನೆಗಳಿಂದ ತುಂಗಭದ್ರೆಯ ನೀರು ಕೆಡುವುದರ ವಿರುದ್ಧ ಸಮಾಜ ಪರಿವರ್ತನ ಸಮುದಾಯ ದೊಡ್ಡ ಹೋರಾಟ ನಡೆಸಿತು. ದುಡಿಮೆ ಕೊಟ್ಟ ಕಾರ್ಖಾನೆಗಳು, ಮೀನು ಸತ್ತ ನೀರು, ಎರಡೂ ಇದೇ ದಡಗಳ ಚರಿತ್ರೆ. ಊರನ್ನು ಬರೀ ಗೋಪುರದ ಫೋಟೊದಲ್ಲಿ ಪ್ರೀತಿಸುವವರಿಗೆ ಈ ಭಾಗ ರುಚಿಸದು. ನನಗೆ ಆ ವಾಸನೆಯೂ ಊರಿನದೇ.

ಮಹಾನಗರದ ಮೇಲೆ ನನಗೆ ಸಿಟ್ಟಿಲ್ಲ. ಅನ್ನ ಕೊಟ್ಟಿದೆ, ಪುಸ್ತಕದಂಗಡಿ ಕೊಟ್ಟಿದೆ, ರಾತ್ರಿ ಹನ್ನೊಂದಕ್ಕೂ ಹೆಣ್ಣುಮಗಳೊಬ್ಬಳು ಕೆಲಸ ಮುಗಿಸಿ ಮನೆಗೆ ಹೊರಡುವುದು ಮಾಮೂಲಿ ಎಂಬ ನೋಟವನ್ನೂ ಕೊಟ್ಟಿದೆ. ಅಲ್ಲಿ ಎಲ್ಲ ಊರಿನ ರುಚಿಯೂ ದುಡ್ಡಿಗೆ ಸಿಗುತ್ತದೆ. ಹಾಗೆ ಸಿಗುವ ದೋಸೆಗೆ ನಾಟಕದ ಥಿಯೇಟರು ಇಲ್ಲ, ಮಂಡಕ್ಕಿಗೆ ಭದ್ರಾ ಕಾಲುವೆ ಇಲ್ಲ, ‘ಕುಂದ್ರಿ ಯಜಮಾನ್ರೇ’ ಇಲ್ಲ. ನಮ್ಮೂರಿನ ಒಂದು ದೋಸೆ ಬೆಂಗಳೂರಿನ ಹತ್ತು ದೋಸೆಗೆ ಸಮ ಎಂಬ ನನ್ನ ತೀರ್ಮಾನಕ್ಕೆ ಪಕ್ಷಪಾತದ ಆರೋಪ ಬಂದರೆ ಒಪ್ಪಿಕೊಳ್ಳುತ್ತೇನೆ, ತೀರ್ಮಾನ ಬದಲಿಸುವುದಿಲ್ಲ.

ನೀವು ಬರುವುದಾದರೆ ಮಳೆಗಾಲ ಮುಗಿದ ಮೇಲೆ ಬನ್ನಿ. ರಾತ್ರಿ ರೈಲು ಹತ್ತಿದರೆ ಬೆಳಗಿನ ಕಾವಲಿ ಕಾಯುವ ಹೊತ್ತಿಗೆ ಊರಿನಲ್ಲಿರುತ್ತೀರಿ. ದೋಸೆ ಮುಗಿಸಿ ಹರಿಹರದ ಬಸ್ಸು ಹಿಡಿಯಿರಿ, ಮಂಟಪದಲ್ಲಿ ಒಂದು ತಾಸಾದರೂ ಕೂರಿ, ಹೊಳೆ ನೋಡಿ. ಸಂಜೆಗೆ ದಾವಣಗೆರೆಗೆ ವಾಪಸ್ಸಾಗಿ ಮಂಡಕ್ಕಿ ಮೆಣಸಿನಕಾಯಿ ತಿನ್ನಿ. ಚಟ್ನಿಯನ್ನು ಎಷ್ಟು ಸಲ ಬೇಕಾದರೂ ಕೇಳಿ. ಸಾಂಬಾರು ಮಾತ್ರ ಕೇಳಬೇಡಿ.